ಮದ್ರಾಸ್ ಟೆರೇಸಿನ ಕೆಳಗೆ ಎಷ್ಟು ಸ್ಪೀಕರ್?

ಪ್ರಶ್ನೆ: ಬಸವನಗುಡಿಯಲ್ಲಿ ನಮ್ಮ ತಾತ ಕಟ್ಟಿಸಿದ ಮನೆಯಲ್ಲೇ ಇದ್ದೇವೆ. ಮದ್ರಾಸ್ ಟೆರೇಸ್, ರೆಡ್ ಆಕ್ಸೈಡ್ ನೆಲ, 22ಕ್ಕೆ 13 ಅಡಿಯ ಹಾಲ್, ಎತ್ತರವೂ 13 ಅಡಿ. ಬ್ಯಾಂಕಿನಲ್ಲಿಟ್ಟಿದ್ದ ಠೇವಣಿಯೊಂದು ಮುಗಿದು ಒಂದೂವರೆ ಲಕ್ಷ ಕೈಗೆ ಬಂತು. ಹೋಮ್ ಥಿಯೇಟರ್ ಮಾಡಿಸೋಣ ಅಂತ ಹೊರಟೆವು, ಅಲ್ಲಿಂದ ಶುರುವಾಯಿತು ನೋಡಿ. ಅಂಗಡಿಯವರು ಎರಡು ರಿಸೀವರ್ ತೋರಿಸಿದರು. ಒಂದು 5.1 ಚಾನೆಲ್ಲಿನದು, 38 ಸಾವಿರ. ಇನ್ನೊಂದು 7.2, ಅಟ್ಮಾಸ್ ಇರುವಂಥದ್ದು, 92 ಸಾವಿರ. ಪಿಯುಸಿ ಮುಗಿಸಿದ ಮಗ ದುಬಾರಿಯದೇ ಬೇಕು, ಇಲ್ಲದಿದ್ದರೆ ಪ್ಲೇಸ್ಟೇಷನ್ ಇದ್ದೂ ದಂಡ ಎನ್ನುತ್ತಾನೆ. 76 ವರ್ಷದ ತಂದೆಯವರು ‘ಯಾವುದಾದರೂ ತಗೊಳ್ಳಿ, ಮಾತು ಕೇಳಿಸಿದರೆ ಸಾಕು’ ಎನ್ನುತ್ತಾರೆ. ಅವರಿಗೆ ಬೇಕಾದದ್ದು ಸುದ್ದಿ, ಹಳೆಯ ರಾಜ್‌ಕುಮಾರ್ ಚಿತ್ರ, ಸಂಗೀತ ಕಛೇರಿ. ನನ್ನ ಹೆಂಡತಿಗೆ ಪಕ್ಕದ ಮನೆಯವರದೇ ಚಿಂತೆ. ಅಮೆರಿಕದಲ್ಲಿರುವ ಭಾವ, ‘ಅಲ್ಲಿ ಅಗ್ಗಕ್ಕೆ ಸಿಗುತ್ತೆ, ಬರುವಾಗ ನಾನೇ ತರ್ತೀನಿ’ ಅಂದಿದ್ದಾರೆ. ಕಡಿಮೆ ಬೆಲೆಯದು ತಂದು ಆಮೇಲೆ ಪೇಚಾಡಬಾರದು, ಹೆಚ್ಚಿನದು ತಂದು ಬೈಸಿಕೊಳ್ಳಲೂಬಾರದು. ಏನು ಮಾಡಲಿ?
— ಹೆಸರು ಬೇಡ, ಬಸವನಗುಡಿ

ಉತ್ತರ: 38 ಸಾವಿರದ್ದನ್ನೇ ತಗೊಳ್ಳಿ. ಏಕೆಂದು ವಿವರವಾಗಿ ಬರೆಯುತ್ತೇನೆ, ಪೂರ್ತಿ ಓದಿ ಮಗನ ಕೈಗೂ ಕೊಡಿ. ಅವನಿಗೆ ಲೆಕ್ಕ ಒಪ್ಪಿಗೆಯಾಗದೆ ನೀವು ಏನು ತಂದರೂ ಊಟದ ಹೊತ್ತಿಗೆ ಅದೇ ಮಾತು ಬರುತ್ತದೆ.

ಎರಡು ಡಬ್ಬಗಳ ನಡುವಿನ ಅಂತರ 54 ಸಾವಿರ. ಆ ಹಣಕ್ಕೆ ಸಿಗುವುದು ಏನೇನು? ಇನ್ನೆರಡು ಸ್ಪೀಕರುಗಳನ್ನು ನಡೆಸುವ ಶಕ್ತಿ, ಡಾಲ್ಬಿ ಅಟ್ಮಾಸ್, ಸ್ವಲ್ಪ ಹೆಚ್ಚು ವ್ಯಾಟ್, ಹೊಸ ನಮೂನೆಯ ಎಚ್‌ಡಿಎಂಐ, ಕೋಣೆಯ ದನಿಯನ್ನು ಅಳೆದು ತಿದ್ದಿಕೊಳ್ಳುವ ಕೊಂಚ ಉತ್ತಮ ವ್ಯವಸ್ಥೆ. ಒಂದೂ ಸುಳ್ಳಲ್ಲ. ಇವುಗಳಲ್ಲಿ ನಿಮ್ಮ ಹಾಲಿನಲ್ಲಿ ಕೆಲಸಕ್ಕೆ ಬರುವುದು ಯಾವುದು ಎಂಬುದಷ್ಟೇ ಪ್ರಶ್ನೆ.

ವ್ಯಾಟಿನಿಂದ ಶುರು ಮಾಡೋಣ, ಅಂಗಡಿಯಲ್ಲಿ ಮೊದಲು ಬೆರಳಿಟ್ಟು ತೋರಿಸುವುದು ಅದನ್ನೇ. ಸಾಮಾನ್ಯವಾಗಿ ಇಂಥ ಜೋಡಿಯಲ್ಲಿ ಚಿಕ್ಕದು ಚಾನೆಲ್ಲಿಗೆ 70 ವ್ಯಾಟ್ ಅಂತಲೂ ದೊಡ್ಡದು 95 ಅಂತಲೂ ಇರುತ್ತದೆ. ಕೇಳಲು ದೊಡ್ಡ ಅಂತರ. ಆದರೆ ಕಿವಿ ವ್ಯಾಟನ್ನು ಎಣಿಸುವುದಿಲ್ಲ. ಶಕ್ತಿ ಎರಡು ಪಟ್ಟಾದರೆ ಶಬ್ದ ಏರುವುದು 3 ಡೆಸಿಬಲ್ ಮಾತ್ರ. ಕಿವಿಗೆ ‘ಎರಡರಷ್ಟು ಜೋರು’ ಅನಿಸಬೇಕಾದರೆ ಸುಮಾರು 10 ಡೆಸಿಬಲ್, ಅಂದರೆ ಹತ್ತು ಪಟ್ಟು ವ್ಯಾಟ್ ಬೇಕು. 70ರಿಂದ 95ಕ್ಕೆ ಹೋದರೆ ಸಿಗುವುದು 1.3 ಡೆಸಿಬಲ್. ತಂದೆಯವರ ಕಿವಿಗಿರಲಿ, ಮಗನ ಕಿವಿಗೂ ಅದು ಗೊತ್ತಾಗುವುದು ಕಷ್ಟ. ಮಧ್ಯಮ ದರ್ಜೆಯ ಸ್ಪೀಕರಿಗೆ 1 ವ್ಯಾಟ್ ಕೊಟ್ಟರೆ ಒಂದು ಮೀಟರ್ ದೂರದಲ್ಲಿ 87 ಡೆಸಿಬಲ್ ಆಸುಪಾಸು ಬರುತ್ತದೆ. ಹತ್ತಡಿ ಆಚೆಯ ಸೋಫಾ ತಲುಪುವಾಗ ಎಂಟು ಹತ್ತು ಡೆಸಿಬಲ್ ಕಳೆದರೂ ಮಾತುಕತೆಗೆ ಅದು ಬೇಕಾದಷ್ಟಾಯಿತು. ಅಂದರೆ ದಿನನಿತ್ಯದ ಬಹುಪಾಲು ಹೊತ್ತು ನಿಮ್ಮ ರಿಸೀವರ್ ಒಂದೆರಡು ವ್ಯಾಟಿನಲ್ಲೇ ಓಡುತ್ತಿರುತ್ತದೆ. ಉಳಿದದ್ದು ಯುದ್ಧದ ದೃಶ್ಯಕ್ಕೆ.

ಒಂದು ಎಚ್ಚರಿಕೆ ಮಾತ್ರ ಬೇಕು. ಹಳಬರಿಗೆ ನೆನಪಿರಬಹುದು, 90ರ ದಶಕದ ಟೂ-ಇನ್-ಒನ್ ಮೇಲೆ ‘1000 ವ್ಯಾಟ್ ಪಿಎಂಪಿಒ’ ಎಂದು ಹೊಳೆಯುವ ಚೀಟಿ ಇರುತ್ತಿತ್ತು. ಆ ಚಾಳಿ ಸಂಪೂರ್ಣ ಹೋಗಿಲ್ಲ. ಒಂದೇ ಚಾನೆಲ್ ಓಡಿಸಿ, ಶೇ 10ರಷ್ಟು ದನಿ ಕೆಟ್ಟರೂ ಸರಿ ಎಂದುಕೊಂಡು ಅಳೆದ ವ್ಯಾಟೇ ಬೇರೆ. ಎರಡು ಚಾನೆಲ್ ಒಟ್ಟಿಗೆ, 20 ಹರ್ಟ್ಸ್‌ನಿಂದ 20 ಸಾವಿರ ಹರ್ಟ್ಸ್‌ವರೆಗೆ, 8 ಓಮ್‌ಗೆ ಅಳೆದ ವ್ಯಾಟೇ ಬೇರೆ. ಎರಡು ಮಾಡೆಲ್ ಹೋಲಿಸುವಾಗ ಎರಡನೆಯ ಬಗೆಯ ಅಂಕಿಯನ್ನೇ ಕೇಳಿ.

ಈಗ ಅಟ್ಮಾಸ್. ಮಗನ ಪಟ್ಟು ಇರುವುದು ಇದರ ಮೇಲೆ, ಆದ್ದರಿಂದ ನಿಧಾನವಾಗಿ ನೋಡೋಣ. ಸಿನಿಮಾ ಮಂದಿರಕ್ಕೆ ಅಟ್ಮಾಸ್ ಬಂದದ್ದು 2012ರಲ್ಲಿ, ಮನೆಗೆ ಬಂದದ್ದು 2014ರಲ್ಲಿ. ಮಳೆ, ಹೆಲಿಕಾಪ್ಟರ್, ಕಾಡಿನ ಹಕ್ಕಿ ಎಲ್ಲ ನೆತ್ತಿಯ ಮೇಲಿಂದ ಕೇಳಿಸಬೇಕು ಎಂಬುದು ಅದರ ಜೀವಾಳ. ಅದಕ್ಕೆ ಮನೆಯಲ್ಲಿ ಎರಡು ದಾರಿ. ಛಾವಣಿಯಲ್ಲೇ ಸ್ಪೀಕರ್ ಕೂರಿಸುವುದು ಒಂದು. ಇಲ್ಲವೇ ಮೇಲ್ಮುಖವಾದ ಸ್ಪೀಕರನ್ನು ಕೆಳಗಿಟ್ಟು, ದನಿಯನ್ನು ಛಾವಣಿಗೆ ಹೊಡೆಸಿ, ಅಲ್ಲಿಂದ ಕೆಳಕ್ಕೆ ಪುಟಿಸುವುದು. ಎರಡನೆಯದಕ್ಕೆ ಡಾಲ್ಬಿಯವರೇ ಹಾಕಿರುವ ಷರತ್ತು: ಛಾವಣಿ ಚಪ್ಪಟೆಯಾಗಿರಬೇಕು, 14 ಅಡಿ ಮೀರಬಾರದು. ನಿಮ್ಮ ಹಾಲ್ ಎತ್ತರದಲ್ಲಿ ಪಾಸು, ಚಪ್ಪಟೆತನದಲ್ಲಿ ಫೇಲು. ತಲೆಯೆತ್ತಿ ನೋಡಿ: ಸಾಲು ಸಾಲು ಮರದ ಜಂತೆ, ಅವುಗಳ ಮೇಲೆ ಅಂಚಿನ ಮೇಲೆ ನಿಲ್ಲಿಸಿದ ಸಣ್ಣ ಇಟ್ಟಿಗೆ, ನಡುವೆ ಸುಣ್ಣದ ಗಾರೆ. ಮೇಲೆ ಹೋದ ದನಿ ಜಂತೆಗಳ ಸಂದಿಯಲ್ಲಿ ಚೆಲ್ಲಾಪಿಲ್ಲಿಯಾಗಿ, ಎಲ್ಲಿಂದ ಬಂತೆಂದು ತಿಳಿಯದ ಗಲಿಬಿಲಿಯಾಗಿ ಇಳಿಯುತ್ತದೆ. ಇನ್ನು ಛಾವಣಿ ಕೊರೆದು ಸ್ಪೀಕರ್ ಕೂರಿಸುವ ಮಾತನ್ನು ಯಾರಾದರೂ ಆಡಿದರೆ ಕಾಫಿ ಕೊಟ್ಟು ಕಳಿಸಿಬಿಡಿ. ಅಷ್ಟು ವರ್ಷ ಸೋರದೆ ನಿಂತ ಗಾರೆಯನ್ನು ಡ್ರಿಲ್ಲಿಂಗ್ ಯಂತ್ರದಿಂದ ಅಲುಗಿಸಿದರೆ ಬರುವ ಖರ್ಚಿನ ಮುಂದೆ 92 ಸಾವಿರ ಏನೂ ಅಲ್ಲ.

‘ಅಟ್ಮಾಸ್ ಬೇಡ, ಆ ಎರಡು ಹೆಚ್ಚುವರಿ ಚಾನೆಲ್ಲನ್ನು ಹಿಂದುಗಡೆಗೆ ಹಾಕಿಕೊಳ್ಳೋಣ’ ಎನ್ನಬಹುದು ಮಗ. ಹಿಂದುಗಡೆ ಎಲ್ಲಿ? 1898ರ ಪ್ಲೇಗಿನ ನಂತರ ಬೆಳೆದ ಬಸವನಗುಡಿ, ಮಲ್ಲೇಶ್ವರದ ಮನೆಗಳನ್ನು ನೋಡಿದವರಿಗೆ ಗೊತ್ತು, ಅಲ್ಲಿ ಹಾಲ್ ಎಂದರೆ ನಾಲ್ಕು ಕಡೆಯ ಕೋಣೆಗಳಿಗೆ ಹಾದುಹೋಗುವ ಜಾಗ. ಬೀದಿ ಬಾಗಿಲು, ಅಡುಗೆಮನೆ ಬಾಗಿಲು, ದೇವರ ಮನೆ ಬಾಗಿಲು, ಮಲಗುವ ಕೋಣೆಗಳ ಬಾಗಿಲು ಎಲ್ಲ ಅಲ್ಲಿಗೇ ತೆರೆಯುತ್ತವೆ. ಉಳಿದ ಗೋಡೆಗೆ ಟಿ.ವಿ., ಎದುರು ಗೋಡೆಗೆ ಒತ್ತಿಕೊಂಡು ಸೋಫಾ. ನಿಮ್ಮ 13 ಅಡಿ ಅಗಲದಲ್ಲಿ ಬೇರೆ ವಿನ್ಯಾಸ ಆಗಲಾರದು. 7 ಚಾನೆಲ್ಲಿನ ಆ ಕೊನೆಯ ಎರಡು ಸ್ಪೀಕರ್ ಕೂರುವವರ ಬೆನ್ನ ಹಿಂದೆ ಕೆಲವು ಅಡಿಯಾದರೂ ದೂರ ಇರಬೇಕು. ನಿಮ್ಮಲ್ಲಿ ಬೆನ್ನ ಹಿಂದೆ ಇರುವುದು ಗೋಡೆ. ಇನ್ನು 7.2ರ ‘.2’ ಅಂದರೆ ಎರಡು ಸಬ್‌ವೂಫರಿಗೆ ತೂತು ಇದೆ ಎಂದರ್ಥ, ಎರಡನ್ನು ಅವರೇ ಕೊಡುತ್ತಾರೆ ಎಂದಲ್ಲ.

ಇದೇ ಪ್ರಶ್ನೆಯನ್ನು ನಿಮ್ಮ ರಸ್ತೆಯಲ್ಲೇ ಹಳೆ ಮನೆ ಕೆಡವಿ ಎದ್ದ ಅಪಾರ್ಟ್‌ಮೆಂಟಿನವರು ಕೇಳಿದ್ದರೆ ನನ್ನ ಉತ್ತರ ಬೇರೆಯೇ. ಹತ್ತಡಿಯ ಚಪ್ಪಟೆ ಆರ್‌ಸಿಸಿ ಛಾವಣಿ, ಅದರ ಕೆಳಗೆ ಫಾಲ್ಸ್ ಸೀಲಿಂಗ್, ತಂತಿ ಅಡಗಿಸಲು ಜಾಗ. ಅವರು ಧಾರಾಳವಾಗಿ ದುಬಾರಿಯದನ್ನೇ ತಗೊಳ್ಳಬಹುದು. ನೋಡಲು ಅಂದವಾದ ಮನೆ ನಿಮ್ಮದು, ಅಟ್ಮಾಸ್‌ಗೆ ಒಗ್ಗುವ ಮನೆ ಅವರದು.

ಆ 54 ಸಾವಿರದಲ್ಲಿ ನಿಮಗೂ ನಿಜಕ್ಕೂ ಸಲ್ಲುವ ಒಂದು ಸೌಲಭ್ಯ ಇದೆ, ಅದನ್ನು ಮುಚ್ಚಿಡುವುದಿಲ್ಲ. ರಿಸೀವರಿನ ಜೊತೆ ಪುಟ್ಟ ಮೈಕ್ ಬರುತ್ತದೆ. ಅದನ್ನು ಕೂರುವ ಜಾಗದಲ್ಲಿಟ್ಟರೆ ಸ್ಪೀಕರುಗಳು ಒಂದೊಂದಾಗಿ ‘ಟಪ್ ಟಪ್’ ಎನ್ನುತ್ತವೆ, ಯಂತ್ರ ದೂರವನ್ನೂ ಮಟ್ಟವನ್ನೂ ಅಳೆದು ಸರಿಪಡಿಸಿಕೊಳ್ಳುತ್ತದೆ. ಡೆನಾನ್‌ನಲ್ಲಿ ಇದಕ್ಕೆ ಆಡಿಸ್ಸಿ ಎನ್ನುತ್ತಾರೆ, ಯಮಾಹಾದಲ್ಲಿ ವೈ.ಪಿ.ಎ.ಒ. ಬೆಲೆ ಏರಿದಂತೆ ಅಳತೆಯ ಸೂಕ್ಷ್ಮತೆಯೂ ಏರುತ್ತದೆ. ಒಂದು ಸ್ಪೀಕರ್ ಮೂಲೆಗೂ ಇನ್ನೊಂದು ತೆರೆದ ಬಾಗಿಲ ಪಕ್ಕಕ್ಕೂ ಬರುವ ನಿಮ್ಮಂಥ ಹಾಲಿನಲ್ಲಿ ಇದು ಉಪಯೋಗಕ್ಕೆ ಬರುವ ಸಂಗತಿ. ಚಿಕ್ಕದರಲ್ಲೂ ಮೂಲಭೂತ ರೂಪದಲ್ಲಿ ಇದ್ದೇ ಇರುತ್ತದೆ, ಇದೆಯೇ ಎಂದು ಖಚಿತ ಮಾಡಿಕೊಳ್ಳಿ. ಆದರೆ ನಿಮ್ಮ ಮನೆಯ ಮುಖ್ಯ ರೋಗಕ್ಕೆ ಎಷ್ಟು ದುಬಾರಿ ಮೈಕಿನಲ್ಲೂ ಮದ್ದಿಲ್ಲ.

ಆ ರೋಗದ ಹೆಸರು ಮಾರ್ದನಿ. ಹಾಲಿನ ನಡುವೆ ನಿಂತು ಒಂದು ಚಪ್ಪಾಳೆ ತಟ್ಟಿ. ನುಣುಪಾದ ರೆಡ್ ಆಕ್ಸೈಡ್ ನೆಲ, ಸುಣ್ಣದ ಗೋಡೆ, 13 ಅಡಿಯ ಎತ್ತರ ಮೂರೂ ಸೇರಿ ಆ ಸದ್ದನ್ನು ಒಂದೂವರೆ ಸೆಕೆಂಡಾದರೂ ಎಳೆದಾಡುತ್ತವೆ. ಮನೆಯಲ್ಲಿ ಮಾತು ಸ್ಪಷ್ಟವಾಗಿ ಕೇಳಲು ಅದು ಅರ್ಧ ಸೆಕೆಂಡಿನ ಹತ್ತಿರ ಇಳಿದರೆ ಒಳ್ಳೆಯದು. ಟಿ.ವಿ. ಹಾಕಿದಾಗ ತಂದೆಯವರಿಗೆ ‘ದನಿ ಕೇಳುತ್ತೆ, ಮಾತು ತಿಳಿಯಲ್ಲ’ ಅನಿಸುತ್ತಿದ್ದರೆ ಅರ್ಧ ಕಾರಣ ಇದು: ಹಿಂದಿನ ಅಕ್ಷರದ ಬಾಲ ಮುಂದಿನ ಅಕ್ಷರದ ಮೇಲೆ ಬೀಳುತ್ತಿದೆ.

ಇದಕ್ಕೆ ಪರಿಹಾರ ಕಂಡವರು ರಿಸೀವರ್ ಹುಟ್ಟುವುದಕ್ಕೂ ಎಷ್ಟೋ ಮೊದಲೇ ಇದ್ದರು. 1895ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದ ಫಾಗ್ ಮ್ಯೂಸಿಯಮ್ಮಿನ ಉಪನ್ಯಾಸ ಮಂದಿರದಲ್ಲಿ ಮೇಷ್ಟರ ಮಾತು ಯಾರಿಗೂ ತಿಳಿಯದೆ ಹೋದಾಗ, ವಾಲೇಸ್ ಸಬೈನ್ ಎಂಬ ಯುವ ಭೌತವಿಜ್ಞಾನಿಗೆ ಅದನ್ನು ಸರಿಪಡಿಸುವ ಕೆಲಸ ಬಿತ್ತು. ಆತ ಹತ್ತಿರದ ಸ್ಯಾಂಡರ್ಸ್ ಥಿಯೇಟರಿನ ಕುರ್ಚಿಗಳ ದಿಂಬುಗಳನ್ನು ರಾತ್ರಿಯ ಹೊತ್ತು ಹೊತ್ತು ತಂದು, ಒಂದಿಷ್ಟು ಹಾಕಿ, ಸದ್ದು ಅಡಗಲು ಎಷ್ಟು ಹೊತ್ತು ಹಿಡಿಯಿತೆಂದು ಅಳೆದು, ಮತ್ತೊಂದಿಷ್ಟು ಹಾಕಿ, ಬೆಳಗಾಗುವ ಮೊದಲು ವಾಪಸು ಇಟ್ಟು ಬರುತ್ತಿದ್ದ. ಕೋಣೆಯ ಗಾತ್ರಕ್ಕೂ ಅದರೊಳಗಿನ ಮೆತ್ತನೆ ವಸ್ತುಗಳಿಗೂ ಮಾರ್ದನಿಗೂ ಇರುವ ಸೂತ್ರ ಹುಟ್ಟಿದ್ದು ಹಾಗೆ. ಇವತ್ತಿಗೂ ಸಭಾಂಗಣ ಕಟ್ಟುವವರು ಅದನ್ನೇ ಹಿಡಿದು ಲೆಕ್ಕ ಹಾಕುತ್ತಾರೆ.

ಈ ಪ್ರಯೋಗವನ್ನು ನೀವೂ ಮಾಡಿ, ಕಾಸು ಖರ್ಚಿಲ್ಲ. ಭಾನುವಾರ ಮಧ್ಯಾಹ್ನ ಟಿ.ವಿ.ಯಲ್ಲಿ ಸುದ್ದಿ ಹಚ್ಚಿ, ವಾಲ್ಯೂಮ್ ಒಂದೇ ಮಟ್ಟದಲ್ಲಿರಲಿ. ತಂದೆಯವರನ್ನು ಸೋಫಾದಲ್ಲಿ ಕೂರಿಸಿ. ಮನೆಯ ಹಾಸಿಗೆಗಳನ್ನೆಲ್ಲ ತಂದು ಒಂದನ್ನು ಟಿ.ವಿ. ಮುಂದಿನ ನೆಲದ ಮೇಲೆ ಹಾಸಿ, ಎರಡನ್ನು ಸೋಫಾ ಹಿಂದಿನ ಗೋಡೆಗೆ ನಿಲ್ಲಿಸಿ, ಕಿಟಕಿಗೆ ದಪ್ಪ ಬೆಡ್‌ಶೀಟ್ ಇಳಿಬಿಡಿ. ಹತ್ತು ನಿಮಿಷ ಬಿಟ್ಟು ತೆಗೆಯಿರಿ. ಅವರು ಏನು ಹೇಳುತ್ತಾರೋ ಕೇಳಿ. ಮಗನೂ ಪಕ್ಕದಲ್ಲಿರಲಿ. ವ್ಯತ್ಯಾಸ ಗೊತ್ತಾದರೆ, 54 ಸಾವಿರದಲ್ಲಿ ಒಂದು ಪಾಲು ಎಲ್ಲಿಗೆ ಹೋಗಬೇಕೆಂಬುದೂ ಅವನಿಗೆ ಗೊತ್ತಾಗುತ್ತದೆ. ಒಳ್ಳೆಯ ನವಲಗುಂದದ ಜಮಖಾನ ತರಿಸಿ, ಅದರಡಿಗೆ ದಪ್ಪ ಫೆಲ್ಟ್ ಹಾಸಿ. ಬರೀ ಜಮಖಾನ ತೆಳು, ಮೇಲಿನ ಸ್ವರವನ್ನಷ್ಟೇ ಹೀರುತ್ತದೆ. ಕಿಟಕಿಗೆ ನೆರಿಗೆ ಹೆಚ್ಚಿರುವ ಭಾರದ ಪರದೆ. ಸೋಫಾ ಹಿಂದಿನ ಗೋಡೆಗೆ ಪುಸ್ತಕದ ಕಪಾಟು ಬಂದರೆ ಇನ್ನೂ ಒಳ್ಳೆಯದು, ಬೇರೆ ಬೇರೆ ದಪ್ಪದ ಪುಸ್ತಕಗಳು ದನಿಯನ್ನು ಚದುರಿಸುತ್ತವೆ. ಗಾಂಧಿ ಬಜಾರಿನ ಪುಸ್ತಕದಂಗಡಿಗೆ ಹೋಗಲು ಇಷ್ಟು ವೈಜ್ಞಾನಿಕ ನೆಪ ಇನ್ನೆಲ್ಲಿ ಸಿಗುತ್ತದೆ.

ಉಳಿದರ್ಧ ಕಾರಣ ತಂದೆಯವರ ಕಿವಿಯಲ್ಲೇ ಇರಬಹುದು. ವಯಸ್ಸಾದಂತೆ ಮೊದಲು ಕುಂದುವುದು ಹೆಚ್ಚು ಕಂಪನದ ಸದ್ದು. ‘ಸ’, ‘ಶ’, ‘ತ’ಗಳ ಗುರುತು ಸಿಗುವುದು ಅಲ್ಲೇ. ಸ್ವರ ಕೇಳಿಸುತ್ತದೆ, ವ್ಯಂಜನ ಜಾರುತ್ತದೆ. ಖರೀದಿಗೆ ಮುಂಚೆ ಒಮ್ಮೆ ಇ.ಎನ್.ಟಿ. ವೈದ್ಯರಲ್ಲಿ ಶ್ರವಣ ಪರೀಕ್ಷೆ ಮಾಡಿಸಿ. ‘ನಿಮಗೆ ಕಿವಿ ಮಂದ’ ಎನ್ನುವ ಬದಲು ‘ಸ್ಪೀಕರ್ ಸೆಟ್ ಮಾಡಲು ರಿಪೋರ್ಟ್ ಬೇಕಂತೆ’ ಎಂದರೆ ಬರುತ್ತಾರೆ. ಸುಳ್ಳೂ ಅಲ್ಲ.

ಇನ್ನು ಹಣದ ಹಂಚಿಕೆ. ದೊಡ್ಡ ರಿಸೀವರ್ ತಂದರೆ ಸ್ಪೀಕರ್, ಸಬ್‌ವೂಫರ್, ತಂತಿ ಎಲ್ಲಕ್ಕೂ ಉಳಿಯುವುದು 58 ಸಾವಿರ. ಆಗ ಅಂಗಡಿಯವರು ಅಂಗೈಯಗಲದ ಸ್ಪೀಕರುಗಳ ಸೆಟ್ಟೊಂದನ್ನು ಸೇರಿಸಿ ಕಳಿಸುತ್ತಾರೆ, ಕೇಳಿಸುವುದೇನಿದ್ದರೂ ಆ ಪುಟ್ಟ ಡಬ್ಬಗಳ ದನಿಯೇ. ಚಿಕ್ಕದನ್ನು ತಂದರೆ 1 ಲಕ್ಷ 12 ಸಾವಿರ ಉಳಿಯುತ್ತದೆ. ನಾನಾಗಿದ್ದರೆ ಮುಂದಿನ ಜೋಡಿ ಮತ್ತು ನಡುವಿನ ಸೆಂಟರ್ ಸ್ಪೀಕರಿಗೆ 60 ಸಾವಿರ, ಸಬ್‌ವೂಫರಿಗೆ 25, ಪಕ್ಕದ ಎರಡು ಸರೌಂಡಿಗೆ 12, ಮಿಕ್ಕ 15 ಸಾವಿರವನ್ನು ಜಮಖಾನ, ಪರದೆ, ಎಲೆಕ್ಟ್ರಿಷಿಯನ್‌ಗೆ ಎತ್ತಿಡುತ್ತಿದ್ದೆ. ರಿಸೀವರ್ ಕಂಪ್ಯೂಟರಿನ ಜಾತಿ, ಐದಾರು ವರ್ಷಕ್ಕೆ ಹೊಸ ಎಚ್‌ಡಿಎಂಐ ಬಂದು ಅದು ಹಳತಾಗುತ್ತದೆ. ಒಳ್ಳೆಯ ಸ್ಪೀಕರ್ ಇಪ್ಪತ್ತು ವರ್ಷ ಬಾಳುತ್ತದೆ. ಮಗ ನಾಳೆ ದುಡಿದು ಬೇರೆ ಮನೆ ಮಾಡಿ ಅಟ್ಮಾಸ್ ರಿಸೀವರ್ ತಂದಾಗಲೂ ಇವೇ ಸ್ಪೀಕರ್ ಅವನ ಕೈಗೆ ಬರುತ್ತವೆ.

ಸೆಂಟರ್ ಸ್ಪೀಕರಿನಲ್ಲಿ ಜಿಪುಣತನ ಮಾಡಬೇಡಿ. ಸಿನಿಮಾದ ಮಾತಿನ ಬಹುಪಾಲು ಬರುವುದು ಅದರಿಂದಲೇ. 60, 70ರ ದಶಕದ ಕನ್ನಡ ಚಿತ್ರಗಳ ಧ್ವನಿಪಥ ಮೊನೊ. ‘ಬಂಗಾರದ ಮನುಷ್ಯ’ (1972) ಹಾಕಿ ರಿಸೀವರನ್ನು ಸರೌಂಡ್ ಮೋಡಿನಲ್ಲಿಟ್ಟರೆ, ಎರಡೂ ಕಡೆ ಒಂದೇ ಸದ್ದು ಇರುವುದನ್ನು ಗುರುತಿಸಿ ಅದು ರಾಜ್‌ಕುಮಾರರ ಮಾತು, ಹಾಡು ಎರಡನ್ನೂ ಹೆಚ್ಚುಕಮ್ಮಿ ಪೂರ್ತಿಯಾಗಿ ಸೆಂಟರಿಗೇ ಕಳಿಸುತ್ತದೆ. ಏಳು ಸ್ಪೀಕರಿದ್ದರೂ ಆರು ಸುಮ್ಮನೆ ಕೂತಿರುತ್ತವೆ. ಸುದ್ದಿ ಓದುವವರ ದನಿಯದೂ ಇದೇ ಕಥೆ. ಸೆಂಟರನ್ನು ಕಿವಿಯ ಮಟ್ಟಕ್ಕೆ ಇಡಿ, ಅದರ ಮಟ್ಟವನ್ನಷ್ಟೇ 2–3 ಡೆಸಿಬಲ್ ಏರಿಸಿಡಿ. ಕಛೇರಿ ಕೇಳುವಾಗ ಮಾತ್ರ ಸರೌಂಡ್ ಬಿಟ್ಟು ‘ಸ್ಟೀರಿಯೊ’ ಅಥವಾ ‘ಡೈರೆಕ್ಟ್’ ಒತ್ತಿ. ವೀಣೆಗೆ ಎರಡು ಒಳ್ಳೆಯ ಸ್ಪೀಕರ್ ಸಾಕು. ರಾಮನವಮಿಗೆ ಚಾಮರಾಜಪೇಟೆಯ ಕೋಟೆ ಹೈಸ್ಕೂಲ್ ಮೈದಾನದ ಚಪ್ಪರದಲ್ಲಿ ಕೂತು ಕೇಳಿದವರಾದರೆ ತಂದೆಯವರು ಅದಕ್ಕಿಂತ ಹೆಚ್ಚು ಕೇಳುವುದೂ ಇಲ್ಲ.

ಮಗನ ಪ್ಲೇಸ್ಟೇಷನ್ನಿಗೆ ಬರೋಣ. ಅದು 4ಕೆ ಚಿತ್ರವನ್ನು ಸೆಕೆಂಡಿಗೆ 120 ಸಲ ಕಳಿಸಬಲ್ಲದು, ಹಾದುಹೋಗುವ ರಿಸೀವರಿಗೂ ಆ ತಾಕತ್ತು ಬೇಕು ಎಂಬುದು ಅವನ ವಾದ. ನಿಜ. ಆದರೆ ಮೊದಲು ನಿಮ್ಮ ಟಿ.ವಿ. 120 ಹರ್ಟ್ಸಿನದೋ 60ರದೋ ನೋಡಿ. 60ರದಾದರೆ ಚರ್ಚೆ ಮುಗಿಯಿತು. 120 ಇದ್ದರೂ ಪ್ಲೇಸ್ಟೇಷನ್ನನ್ನು ನೇರ ಟಿ.ವಿ.ಗೇ ಚುಚ್ಚಿ, ಟಿ.ವಿ.ಯಲ್ಲಿ ‘ಆರ್ಕ್’ ಅಥವಾ ‘ಈ-ಆರ್ಕ್’ ಎಂದು ಬರೆದ ಎಚ್‌ಡಿಎಂಐ ತೂತಿನಿಂದ ದನಿಯನ್ನಷ್ಟೇ ರಿಸೀವರಿಗೆ ತನ್ನಿ. ಚಿತ್ರ ರಿಸೀವರ್ ಮುಟ್ಟುವುದೇ ಇಲ್ಲ. ಬರೀ ‘ಆರ್ಕ್’ ಆಗಿದ್ದರೆ ಪ್ಲೇಸ್ಟೇಷನ್ನಿನ ಧ್ವನಿಯನ್ನು ‘ಡಾಲ್ಬಿ’ಗೆ ಬದಲಿಸಬೇಕು, ಇಲ್ಲದಿದ್ದರೆ ಎರಡೇ ಚಾನೆಲ್ ಬರುತ್ತದೆ. ಇಷ್ಟು ಹೇಳಿದರೆ ಸಾಕು, ಅವನೇ ಮಾಡಿಕೊಳ್ಳುತ್ತಾನೆ.

ನಿಮ್ಮ ಮನೆಯವರ ಚಿಂತೆ ಕ್ಷುಲ್ಲಕವಲ್ಲ. 2000ನೇ ಇಸವಿಯ ಶಬ್ದಮಾಲಿನ್ಯ ನಿಯಮದ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲು 55 ಡೆಸಿಬಲ್, ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ 45. ಹಳೆ ಗೋಡೆ ದಪ್ಪವಿದ್ದರೂ ಮಂಕಿ-ಟಾಪ್ ಕಿಟಕಿ, ಮೇಲಿನ ಗವಾಕ್ಷಿಗಳಿಂದ ಸದ್ದು ಸಲೀಸಾಗಿ ಹೊರಗೆ ಹೋಗುತ್ತದೆ. ಸಬ್‌ವೂಫರನ್ನು ಪಕ್ಕದ ಮನೆಯ ಕಡೆಯ ಗೋಡೆಯಿಂದ ದೂರವಿಡಿ, ಅಡಿಗೆ ರಬ್ಬರ್ ಮ್ಯಾಟ್ ಹಾಕಿ. ಹತ್ತು ಗಂಟೆಯ ನಂತರ ರಿಸೀವರಿನ ‘ನೈಟ್ ಮೋಡ್’ ಹಾಕಿದರೆ ಪಿಸುಮಾತು ಮೇಲೇರುತ್ತದೆ, ಬಾಂಬಿನ ಸದ್ದು ತಗ್ಗುತ್ತದೆ. ಇದು ಎರಡೂ ಬೆಲೆಯವುಗಳಲ್ಲಿ ಸಿಗುವ ಸೌಲಭ್ಯ.

ಹಳೆ ಮನೆಯಲ್ಲಿ ವೈರಿಂಗೂ ಹಳೆಯದಾಗಿದ್ದರೆ ರಿಸೀವರ್ ತರುವ ಮೊದಲು ಅರ್ಥಿಂಗ್ ಪರೀಕ್ಷೆ ಮಾಡಿಸಿ. ಅರ್ಥ್ ಸರಿಯಿಲ್ಲದಿದ್ದರೆ, ಅದರ ಮೇಲೆ ಡಿಶ್‌ನ ಕೇಬಲ್ ಬೇರೆ ಬಂದು ಸೇರಿದರೆ, ಸ್ಪೀಕರಿನಲ್ಲಿ ಸದಾ ‘ಗುಂಯ್’ ಎನ್ನುತ್ತಿರುತ್ತದೆ. ಜನ ರಿಸೀವರನ್ನು ಬೈಯುತ್ತಾರೆ. ಸುಣ್ಣದ ಗಾರೆ ಕೆತ್ತಿದರೆ ಉದುರುತ್ತದೆ, ತಂತಿಗೆ ಗೋಡೆ ಕೊರೆಸದೆ ಕೇಸಿಂಗ್ ಪಟ್ಟಿಯಲ್ಲೇ ಒಯ್ಯಿರಿ. ರಿಸೀವರನ್ನು ಗಾಜಿನ ಬಾಗಿಲ ಶೋಕೇಸಿನೊಳಗೆ ಮಾತ್ರ ಇಡಬೇಡಿ, ಬಿಸಿಗೆ ಬೇಗ ಹಾಳಾಗುತ್ತದೆ. ಮೇಲೆ ನಾಲ್ಕು ಬೆರಳಾದರೂ ಜಾಗವಿರಲಿ. ಹಿಂದೆ ಹಲ್ಲಿ ನುಗ್ಗದ ಹಾಗೆ ನೋಡಿಕೊಳ್ಳಿ, ನಮ್ಮ ಕಡೆ ಸರ್ಕ್ಯೂಟ್ ಬೋರ್ಡ್ ಸುಡುವುದರಲ್ಲಿ ಅವುಗಳ ಪಾಲೂ ದೊಡ್ಡದು.

ಅಂಗಡಿಯಲ್ಲಿ ಕೇಳಿ ನೋಡಲು ತಂದೆಯವರನ್ನೂ ಕರೆದುಕೊಂಡು ಹೋಗಿ. ಕಾರ್ಪೆಟ್ ಹಾಸಿದ ಶೋರೂಮಿನಲ್ಲಿ ಅವರು ಹಾಕುವ ಸ್ಫೋಟದ ದೃಶ್ಯ ಬೇಡ, ನಿಮಗೆ ಪರಿಚಿತವಾದ ಒಂದು ಸಂಭಾಷಣೆ, ಒಂದು ವೀಣೆ ಸಾಕು. ಎರಡೂ ರಿಸೀವರುಗಳನ್ನು ಒಂದೇ ಸ್ಪೀಕರಿಗೆ ಹಾಕಿಸಿ, ಸದ್ದು ಒಂದೇ ಮಟ್ಟಕ್ಕೆ ತರಿಸಿ. ತುಸು ಜೋರಾಗಿದ್ದದ್ದೇ ಒಳ್ಳೆಯದು ಅನಿಸುವುದು ಕಿವಿಯ ಸ್ವಭಾವ, ಮಾರುವವರಿಗೂ ಅದು ಗೊತ್ತು. ಎಸ್.ಪಿ. ರೋಡಿನಲ್ಲಿ ತಂತಿ, ಪ್ಲಗ್ಗು, ಸ್ಟ್ಯಾಂಡುಗಳನ್ನು ಚೌಕಾಶಿ ಮಾಡಿ ತನ್ನಿ. ರಿಸೀವರನ್ನು ಮಾತ್ರ ಸೀರಿಯಲ್ ನಂಬರ್ ಬರೆದ ಜಿಎಸ್‌ಟಿ ಬಿಲ್ಲಿನ ಮೇಲೆ, ಭಾರತದ ವಾರಂಟಿಯೊಂದಿಗೇ ತಗೊಳ್ಳಿ.

ಭಾವನವರಿಗೆ ಬೇಡ ಎಂದು ಹೇಳಲು ಸಂಕೋಚಪಡಬೇಡಿ. ಅಲ್ಲಿಯ ರಿಸೀವರ್ 120 ವೋಲ್ಟಿನದು, ನಮ್ಮದು 230. ಇಳಿಸಲು ಭಾರದ ಟ್ರಾನ್ಸ್‌ಫಾರ್ಮರ್ ಬೇಕು, ಅದು ತಾನೇ ಗುಂಯ್‌ಗುಡುತ್ತದೆ. ಯಾರಾದರೂ ಮರೆತು ನೇರ ಪ್ಲಗ್ಗಿಗೆ ಹಾಕಿದ ದಿನ ಹೊಗೆ ಬರುತ್ತದೆ. ಇಲ್ಲಿ ರಿಪೇರಿಗೆ ಕೊಟ್ಟರೆ ವಾರಂಟಿ ಅನ್ವಯಿಸುವುದಿಲ್ಲ, ಹತ್ತು ಕಿಲೋ ಡಬ್ಬಕ್ಕೆ ವಿಮಾನದ ಲಗೇಜು, ಸುಂಕ ಎರಡೂ ಸೇರಿದರೆ ಅಗ್ಗ ಎಂಬ ಮಾತೂ ಉಳಿಯುವುದಿಲ್ಲ. ತರಲೇಬೇಕೆಂದು ಅವರು ಹಟ ಹಿಡಿದರೆ ಮಗನಿಗೆ ಒಂದು ಒಳ್ಳೆಯ ಹೆಡ್‌ಫೋನ್ ಹೇಳಿ. ಪ್ಲೇಸ್ಟೇಷನ್ನಿನಿಂದ ನೆತ್ತಿಯ ಮೇಲಿನ ಹೆಲಿಕಾಪ್ಟರ್ ಅದರಲ್ಲೂ ಕೇಳಿಸುತ್ತದೆ, ರಾತ್ರಿ ಹತ್ತರ ನಂತರವೂ.